ಆ ದಿನಗಳಲ್ಲಿ ಏನೇನು ಬಿಟ್ಟಿರಿ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಮುಟ್ಟಿನ ತೊಂದರೆಗಳ ಬಗ್ಗೆ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಮುಂಬೈ, ಪುಣೆ, ಗೋವಾದಿಂದ ಬಂದ ಪತ್ರಗಳನ್ನು ಎರಡು ರಾತ್ರಿ ಕೂತು ಓದಿದೆ. ಮುಕ್ಕಾಲು ಪಾಲು ಪತ್ರಗಳು ಒಂದೇ ಮಾತಿನಿಂದ ಶುರುವಾಗುತ್ತವೆ: "ಇದು ಎಲ್ಲರಿಗೂ ಇರೋದೇ ಡಾಕ್ಟ್ರೇ, ಆದ್ರೂ ಕೇಳ್ತೀನಿ." ಎಲ್ಲರಿಗೂ ಇರುವುದು ಮುಟ್ಟು. ಶಾಲೆ ತಪ್ಪಿಸುವಂಥ ನೋವು ಎಲ್ಲರಿಗೂ ಇರುವುದಿಲ್ಲ. ಹಾಸಿಗೆ ನೆನೆಯುವಷ್ಟು ರಕ್ತ ಎಲ್ಲರಿಗೂ ಹೋಗುವುದಿಲ್ಲ.

ನನ್ನ ಕ್ಲಿನಿಕ್‌ಗೆ ಬಂದವರನ್ನು ನಾನು ನೋವು ಎಷ್ಟಿದೆ ಅಂತ ಮೊದಲು ಕೇಳುವುದಿಲ್ಲ. ಕೇಳಿದರೆ "ಸ್ವಲ್ಪ" ಅನ್ನುತ್ತಾರೆ. "ಆ ದಿನಗಳಲ್ಲಿ ಏನೇನು ಬಿಡ್ತೀರಿ?" ಅಂತ ಕೇಳಿದರೆ ಮಾತು ಹೊರಗೆ ಬರುತ್ತದೆ. ಶಾಲೆ ಬಿಟ್ಟೆ, ಫಾಸ್ಟ್ ಲೋಕಲ್ ರೈಲು ಬಿಟ್ಟು ಸ್ಲೋ ಹಿಡಿದೆ, ಊಟ ಬಿಟ್ಟೆ, ತಮ್ಮನ ಮದುವೆಗೆ ಊರಿಗೆ ಹೋಗಲಿಲ್ಲ. ನೀವೂ ಉತ್ತರ ಓದುವ ಮುಂಚೆ ನಿಮ್ಮ ಪಟ್ಟಿ ಒಂದು ನೆನಪು ಮಾಡಿಕೊಳ್ಳಿ.

*

ಪ್ರಶ್ನೆ: ನಮ್ಮದು ಡೊಂಬಿವಲಿ. ಮಗಳಿಗೆ 15 ವರ್ಷ, ಹತ್ತನೇ ಕ್ಲಾಸು. 12ಕ್ಕೆ ದೊಡ್ಡವಳಾದಳು. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಪ್ರತಿ ತಿಂಗಳು ಮೊದಲ ದಿನ ವಾಂತಿ, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಾಳೆ. ಎರಡು ದಿನ ಶಾಲೆ ಇಲ್ಲ. ನಮ್ಮತ್ತೆ "ನಾವೆಲ್ಲ ಸಹಿಸ್ಕೊಂಡಿಲ್ವಾ, ಮದುವೆ ಆದ್ಮೇಲೆ ಸರಿಹೋಗುತ್ತೆ" ಅನ್ನುತ್ತಾರೆ. ಮಾತ್ರೆ ಕೊಟ್ಟರೆ ಅಭ್ಯಾಸ ಆಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಫೆಬ್ರವರಿಯಿಂದ ಬೋರ್ಡ್ ಪರೀಕ್ಷೆ. ಏನು ಮಾಡಲಿ?

ಉತ್ತರ: ಮಾತ್ರೆ ಕೊಡಿ ಅಮ್ಮಾ. ಅಭ್ಯಾಸ ಆಗುವ ಮಾತ್ರೆ ಅಲ್ಲ ಅದು. ತಿಂಗಳಿಗೆ ಎರಡು ಮೂರು ದಿನ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯೂ ಇಲ್ಲ. ಈ ಎರಡು ಹೆದರಿಕೆಗಳಿಂದ ಎಷ್ಟು ಹುಡುಗಿಯರು ಸುಮ್ನೆ ನರಳುತ್ತಿದ್ದಾರೆ ಅಂತ ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಹುಟ್ಟುತ್ತದೆ. ಅದು ಗರ್ಭಕೋಶವನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಹಿಂಡಿದಾಗ ಅಲ್ಲಿ ರಕ್ತದ ಓಡಾಟ ಕಡಿಮೆಯಾಗಿ ನೋವು ಬರುತ್ತದೆ. ಅದೇ ರಾಸಾಯನಿಕ ಜಾಸ್ತಿ ಇದ್ದವರಿಗೆ ವಾಂತಿ, ಭೇದಿ, ತಲೆಸುತ್ತು ಎಲ್ಲ. ನಿಮ್ಮ ಮಗಳು ನಾಟಕ ಮಾಡುತ್ತಿಲ್ಲ, ಶಾಲೆ ತಪ್ಪಿಸುವ ನೆಪವೂ ಅಲ್ಲ. ಮೊದಲ ವರ್ಷ ನೋವಿರಲಿಲ್ಲ ಅಂದಿರಿ, ಅದಕ್ಕೂ ಕಾರಣ ಇದೆ. ಶುರುವಿನ ದಿನಗಳಲ್ಲಿ ಎಷ್ಟೋ ತಿಂಗಳು ಅಂಡ ಬಿಡುಗಡೆ ಆಗದೆಯೇ ಮುಟ್ಟು ಬರುತ್ತದೆ, ಆಗ ಈ ನೋವು ಸಾಮಾನ್ಯವಾಗಿ ಇರುವುದಿಲ್ಲ. ಅಂಡ ಸರಿಯಾಗಿ ಬಿಡುಗಡೆ ಆಗತೊಡಗಿದ ಮೇಲೆ ನೋವು ಶುರುವಾಗುತ್ತದೆ.

ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಥರದ ಮಾತ್ರೆಗಳು ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಅದಕ್ಕೇ ಹೊತ್ತು ಮುಖ್ಯ. ಹೆಚ್ಚಿನ ಮನೆಗಳಲ್ಲಿ ಮಗು ಅತ್ತು ಕರೆದು ಸುಸ್ತಾದ ಮೇಲೆ, "ಇನ್ನು ಆಗಲ್ಲ" ಅಂದಾಗ ಮಾತ್ರೆ ಕೊಡುತ್ತಾರೆ. ಅಷ್ಟು ಹೊತ್ತಿಗೆ ರಾಸಾಯನಿಕ ತನ್ನ ಕೆಲಸ ಮಾಡಿಬಿಟ್ಟಿರುತ್ತದೆ, ಮಾತ್ರೆ ವಾಂತಿಯಲ್ಲಿ ಹೋಗುತ್ತದೆ, ಆಮೇಲೆ "ಮಾತ್ರೆಯಿಂದಲೂ ಏನೂ ಆಗಲ್ಲ" ಅನ್ನುತ್ತಾರೆ. ಕಲೆ ಕಂಡ ಕೂಡಲೇ ಅಥವಾ ಸೆಳೆತ ಶುರುವಾದ ಕೂಡಲೇ ಎರಡು ತುತ್ತು ಮೊಸರನ್ನವೋ ಬಿಸ್ಕತ್ತೋ ತಿನ್ನಿಸಿ ಕೊಡಿ. ಡೇಟ್ ಸರಿಯಾಗಿ ಬರುವವರಾದರೆ ಹಿಂದಿನ ದಿನದಿಂದಲೇ ಶುರು ಮಾಡಬಹುದು. ಆಮೇಲೆ ಡಾಕ್ಟರ್ ಹೇಳಿದ ಗಂಟೆಗೆ ಸರಿಯಾಗಿ, ಎರಡು ಅಥವಾ ಮೂರು ದಿನ. ಬಿಸಿನೀರಿನ ಚೀಲ ಕೂಡ ನಿಜವಾಗಿಯೂ ಕೆಲಸ ಮಾಡುತ್ತದೆ.

ಆದರೆ ಮೆಡಿಕಲ್ ಅಂಗಡಿಯಲ್ಲಿ "ಹೊಟ್ಟೆನೋವಿನ ಗುಳಿಗೆ ಕೊಡಿ" ಅಂತ ಕೇಳಿ ತರಬೇಡಿ. ಒಮ್ಮೆ ಡಾಕ್ಟರ್ ಹತ್ತಿರ ತೋರಿಸಿ, ವಯಸ್ಸು ತೂಕ ನೋಡಿ ಬರೆಸಿಕೊಳ್ಳಿ. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಬೇಕು. 2023ರ ಕೊನೆಯಲ್ಲಿ, ಔಷಧಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಮೆಫೆನಾಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತ್ತು. ತುಂಬಾ ಅಪರೂಪಕ್ಕೆ ಕೆಲವರಿಗೆ ಅದರಿಂದ ಜ್ವರ, ಮೈಮೇಲೆ ದದ್ದು, ಗ್ರಂಥಿಗಳ ಊತ ಬಂದು ಗಂಭೀರವಾಗಬಹುದು. ಮಾತ್ರೆ ತೆಗೆದುಕೊಂಡ ಕೆಲವು ವಾರಗಳ ಮೇಲೂ ಇದು ಕಾಣಿಸಿಕೊಳ್ಳಬಹುದು. ಹಾಗೇನಾದರೂ ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ತೋರಿಸಿ. ಈ ಸುದ್ದಿ ಕೇಳಿ ಮಾತ್ರೆಯನ್ನೇ ಬಿಟ್ಟವರಿದ್ದಾರೆ, ಅದು ಬೇಡ, ಬೇರೆ ಮಾತ್ರೆಗಳೂ ಇವೆ.

ಮೂರು ತಿಂಗಳು ಹೀಗೆ ಸರಿಯಾಗಿ ಕೊಟ್ಟ ಮೇಲೂ ಅವಳು ಶಾಲೆ ತಪ್ಪಿಸುತ್ತಿದ್ದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಆಗ ಎಂಡೊಮೆಟ್ರಿಯೋಸಿಸ್ ಇರಬಹುದಾ ಅಂತ ನೋಡಬೇಕಾಗುತ್ತದೆ. ಗರ್ಭಕೋಶದ ಒಳಪದರದಂಥ ಪದರ ಹೊರಗಡೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆಯುವ ಕಾಯಿಲೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಾಗುವ ವಯಸ್ಸಿನ ಹೆಂಗಸರು, ಹುಡುಗಿಯರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇದೆ. ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋವು, ಕಕ್ಕಸಿಗೆ ಹೋದಾಗ ನೋವು, ಹೀಗೆ ಏನಾದರೂ ಇದ್ದರೆ ಮುಚ್ಚಿಡದೆ ಹೇಳಿ. "ಸೋನೋಗ್ರಫಿ ನಾರ್ಮಲ್ ಇದೆ, ಏನೂ ಇಲ್ಲ" ಅಂತ ಅಲ್ಲಿಗೇ ಬಿಡಬೇಡಿ. ಶುರುವಿನ ಎಂಡೊಮೆಟ್ರಿಯೋಸಿಸ್ ಎಷ್ಟೋ ಸಲ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ.

ನಿಮ್ಮತ್ತೆ ಸಹಿಸಿಕೊಂಡಿದ್ದು ನಿಜ. ಅವರ ಕಾಲದಲ್ಲಿ ಯಾರೂ ಅವರಿಗೆ ಮಾತ್ರೆ ಕೊಡಲಿಲ್ಲ. ಅವರನ್ನೂ ಒಂದು ಸಲ ಕೇಳಿ ನೋಡಿ, ಆಗ ಏನೇನು ಬಿಟ್ಟಿರಿ ಅಂತ. ಪರೀಕ್ಷೆಗೆ ಇನ್ನೂ ಸಮಯ ಇದೆ, ಈ ತಿಂಗಳೇ ಶುರು ಮಾಡಿ. ಕ್ಲಾಸ್ ಟೀಚರ್‌ಗೂ ಒಂದು ಮಾತು ಹೇಳಿಡಿ.

*

ಪ್ರಶ್ನೆ: ನಾನು ಪುಣೆ, 12ನೇ ಕ್ಲಾಸು. ಮನೇಲಿ ಗೊತ್ತಿಲ್ಲದೆ ಬರೀತಿದ್ದೀನಿ. ನನಗೆ 9-10 ದಿನ ಹೋಗುತ್ತೆ. ಎರಡು ಪ್ಯಾಡ್ ಒಟ್ಟಿಗೆ ಹಾಕಿಕೊಂಡರೂ ಎರಡು ಗಂಟೆ ತಡೆಯಲ್ಲ. ಕ್ಲಾಸಲ್ಲಿ ಕೊನೇ ಬೆಂಚಲ್ಲಿ ಕೂರ್ತೀನಿ, ಎದ್ದಾಗ ಫ್ರೆಂಡ್ ಹಿಂದೆ ನೋಡಿ ಹೇಳ್ತಾಳೆ. ಕಬಡ್ಡಿ ಬಿಟ್ಟೆ. ಮೆಟ್ಟಿಲು ಹತ್ತಿದರೆ ಉಸಿರು ಬರಲ್ಲ. ಅಮ್ಮ ಬೀಟ್ರೂಟ್, ಖರ್ಜೂರ ಕೊಡ್ತಾರೆ. ಇದು ಜಾಸ್ತಿನಾ, ನಾರ್ಮಲ್ಲಾ?

ಉತ್ತರ: ಜಾಸ್ತಿ, ಪುಟ್ಟಾ. ಇದು ನಾರ್ಮಲ್ ಅಲ್ಲ. ಕೇಳಿದ್ದು ಒಳ್ಳೆಯದಾಯಿತು.

ಮೊದಲೆಲ್ಲ ಪುಸ್ತಕಗಳಲ್ಲಿ ಒಂದು ಮುಟ್ಟಿಗೆ 80 ಮಿಲಿಗಿಂತ ಹೆಚ್ಚು ರಕ್ತ ಹೋದರೆ ಜಾಸ್ತಿ ಅಂತ ಇತ್ತು. ಯಾರು ಅಳೆದುಕೊಂಡು ಕೂರುತ್ತಾರೆ ಹೇಳು? ಈಗ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಅಳತೆಯನ್ನು ಪಕ್ಕಕ್ಕಿಟ್ಟಿದೆ. ಹೋಗುವ ರಕ್ತದಿಂದ ಹೆಂಗಸಿನ ದಿನನಿತ್ಯದ ಬದುಕು ಕೆಡುತ್ತಿದ್ದರೆ ಅದು ಜಾಸ್ತಿ, ಅಷ್ಟೇ. ನೀನು ಕಬಡ್ಡಿ ಬಿಟ್ಟಿದ್ದೀಯಲ್ಲ, ಡಾಕ್ಟರ್‌ಗೆ ಅದನ್ನೇ ಹೇಳು. ಇನ್ನೂ ಕೆಲವು ಗುರುತುಗಳಿವೆ. 7 ದಿನ ದಾಟಿ ಹೋಗುವುದು, ಪ್ಯಾಡ್ ಒಂದೆರಡು ಗಂಟೆಗೇ ತುಂಬುವುದು, ದೊಡ್ಡ ನಾಣ್ಯದಷ್ಟು ಹೆಪ್ಪು ಬೀಳುವುದು, ರಾತ್ರಿ ಎದ್ದು ಬದಲಿಸಬೇಕಾಗುವುದು. ನಿನ್ನ ಪತ್ರದಲ್ಲೇ ಎರಡು ಇವೆ.

ಉಸಿರು ಕಟ್ಟುವುದು ರಕ್ತ ಕಡಿಮೆಯಾಗಿದೆ ಅನ್ನುವುದರ ಗುರುತು ಇರಬಹುದು. ನಿನ್ನ ವಯಸ್ಸಿನವರಿಗೆ ಹಿಮೋಗ್ಲೋಬಿನ್ 12 ಅಥವಾ ಅದಕ್ಕಿಂತ ಮೇಲೆ ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇತ್ತು. ಓದಲು ಕೂತರೆ ನಿದ್ದೆ, ತಲೆನೋವು, ಸುಮ್ಮನೆ ಸಿಟ್ಟು, ಎದೆ ಡವಡವ, ಇದೆಲ್ಲ "ಈಗಿನ ಮಕ್ಕಳ ಸೋಮಾರಿತನ" ಅಂತ ಬೈಸಿಕೊಳ್ಳುತ್ತದೆ. ಎಷ್ಟೋ ಸಲ ಒಳಗೆ ಕಬ್ಬಿಣವೇ ಇರುವುದಿಲ್ಲ.

ಬೀಟ್ರೂಟ್ ಕೆಂಪಗಿದೆ ಅಂತ ಅದು ರಕ್ತ ಆಗಿಬಿಡುವುದಿಲ್ಲ. ಖರ್ಜೂರ ತಿನ್ನು, ಒಳ್ಳೆಯದೇ, ಅಮ್ಮನ ಪ್ರೀತಿ ಅದು. ಆದರೆ ಪ್ರತಿ ತಿಂಗಳು 10 ದಿನ ಸೋರಿಹೋಗುವುದನ್ನು ಊಟ ಒಂದೇ ತುಂಬಿಸಲಾರದು. ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಅದನ್ನು ನಿಂಬೆ ಪಾನಕದ ಜೊತೆ ತೆಗೆದುಕೋ, ಕಾಫಿ ಚಹಾಕ್ಕೂ ಅದಕ್ಕೂ ಒಂದೆರಡು ಗಂಟೆ ಅಂತರ ಇರಲಿ. ಕಕ್ಕಸು ಕಪ್ಪಗಾದರೆ ಹೆದರಬೇಡ. ಹಿಮೋಗ್ಲೋಬಿನ್ ಸರಿಹೋಯಿತು ಅಂತ ತಕ್ಷಣ ನಿಲ್ಲಿಸಬಾರದು, ಒಳಗಿನ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು.

ರಕ್ತ ತುಂಬಿಸುವುದರ ಜೊತೆಗೆ ಸೋರುವುದನ್ನೂ ನಿಲ್ಲಿಸಬೇಕು. ಅದಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಮಾತ್ರೆ ಇದೆ, ರಕ್ತ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವುದು. ಹಾರ್ಮೋನ್ ಮಾತ್ರೆಗಳೂ ಇವೆ. ಅವು ಗರ್ಭನಿರೋಧಕ ಮಾತ್ರೆಗಳು ಅಂತ ಅಮ್ಮ ಗಾಬರಿಯಾಗಬಹುದು, ಇಲ್ಲಿ ಅವು ಮುಟ್ಟು ಹತೋಟಿಗೆ ತರುವ ಔಷಧ ಅಂತ ಹೇಳು. ಯಾವುದು ನಿನಗೆ ಸರಿ ಅಂತ ಡಾಕ್ಟರ್ ನೋಡಿ ಹೇಳುತ್ತಾರೆ. ಒಂದು ವಿಷಯ ಮರೆಯದೆ ಹೇಳಬೇಕು: ಮೂಗಿನಲ್ಲಿ ರಕ್ತ ಬರುತ್ತದಾ, ಹಲ್ಲು ಉಜ್ಜಿದಾಗ ಬರುತ್ತದಾ, ಸಣ್ಣ ಏಟಿಗೂ ಮೈ ನೀಲಿಗಟ್ಟುತ್ತದಾ, ಮನೆಯಲ್ಲಿ ಬೇರೆ ಯಾರಿಗಾದರೂ ಹಾಗಿದೆಯಾ. ಮುಟ್ಟು ಶುರುವಾದಾಗಿನಿಂದಲೇ ಜಾಸ್ತಿ ಹೋಗುವ ಕೆಲವು ಹುಡುಗಿಯರಿಗೆ ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷ ಇರುತ್ತದೆ. ಅಂಥ ದೋಷಗಳಲ್ಲಿ ಹೆಚ್ಚಾಗಿ ಕಾಣುವುದು ವಾನ್ ವಿಲ್ಲೆಬ್ರಾಂಡ್ ಅನ್ನುವ ಕಾಯಿಲೆ. ಕೇಳದಿದ್ದರೆ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಥೈರಾಯ್ಡ್ ಪರೀಕ್ಷೆಯೂ ಬೇಕು.

ಮನೆಯಲ್ಲಿ ಹೇಳದೆ ಇದು ಆಗುವುದಿಲ್ಲ ಪುಟ್ಟಾ. ಈ ಪುಟವನ್ನು ಅಮ್ಮನ ಕೈಗೆ ಕೊಡು. ಗಂಟೆಗೊಂದು ಪ್ಯಾಡ್ ತುಂಬುತ್ತಾ ಎರಡು ಗಂಟೆ ದಾಟಿದರೆ, ಕಣ್ಣು ಕತ್ತಲೆ ಬಂದರೆ, ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಆಸ್ಪತ್ರೆಗೆ ಹೋಗಬೇಕು.

*

ಪ್ರಶ್ನೆ: ನಾನು ಗಂಡಸು, ಕೇಳಬಹುದೋ ಇಲ್ಲವೋ. ಠಾಣೆಯಲ್ಲಿದ್ದೇವೆ. ನನ್ನ ಹೆಂಡತಿ ಮುಟ್ಟಿಗೆ ಒಂದು ವಾರ ಮುಂಚೆ ಬೇರೆ ಮನುಷ್ಯಳೇ ಆಗುತ್ತಾಳೆ. ಸಿಟ್ಟು, ಅಳು, ಮಗುವಿಗೆ ಬೈದು ಆಮೇಲೆ ತಾನೇ ಅಳುವುದು. ಮುಟ್ಟಾದ ಎರಡನೇ ದಿನಕ್ಕೆ ಸರಿ.

ಉತ್ತರ: ಕೇಳಬಹುದು, ಕೇಳಲೇಬೇಕು. ನೀವು ಕಂಡ ಲೆಕ್ಕ ಸರಿಯಾಗಿದೆ. ಮುಟ್ಟಿಗೆ ಮುಂಚಿನ ಒಂದೆರಡು ವಾರದಲ್ಲಿ ಬಂದು ಮುಟ್ಟಾದ ಮೇಲೆ ಹೋಗುವುದೇ ಪಿಎಂಎಸ್, ಅಂದರೆ ಮುಟ್ಟಿಗೆ ಮುಂಚಿನ ತೊಂದರೆಯ ಗುರುತು. ಎರಡು ತಿಂಗಳು ಅವರೇ ದಿನಾ ಒಂದು ಸಾಲು ಬರೆದಿಡಲಿ: ನಿದ್ದೆ, ಸಿಟ್ಟು, ಅಳು, ಆ ದಿನ ಏನು ಬಿಟ್ಟೆ. ತೀರಾ ಜೋರಾಗಿದ್ದರೆ ಅದಕ್ಕೆ ಒಳ್ಳೆಯ ಔಷಧ ಇದೆ, ಕೆಲವರು ಆ ಎರಡು ವಾರ ಮಾತ್ರ ತೆಗೆದುಕೊಂಡರೂ ಸಾಕಾಗುತ್ತದೆ. "ಸಾಯಬೇಕು ಅನ್ನಿಸುತ್ತೆ" ಅನ್ನುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಹಗಲು ರಾತ್ರಿ ಇರುತ್ತದೆ.

ನಿಮ್ಮಿಂದ ಒಂದು ಸಹಾಯ ಆಗಬೇಕು. ಅವರು ಸಿಟ್ಟಾದಾಗಲೆಲ್ಲ "ಡೇಟ್ ಹತ್ರ ಬಂತಾ?" ಅಂತ ಕೇಳಬೇಡಿ. ಸಿಟ್ಟಿಗೆ ನಿಜವಾದ ಕಾರಣವೂ ಇರುತ್ತದಲ್ವಾ? ಆ ವಾರ ಬೆಳಗಿನ ಡಬ್ಬ, ಮಗುವನ್ನು ಶಾಲೆಗೆ ಬಿಡುವುದು ನೀವು ನೋಡಿಕೊಳ್ಳಿ, ಕೇಳುವ ಮುಂಚೆಯೇ.

*

ಪ್ರಶ್ನೆ: ಅಕ್ಕಾರೆ, ನಾನು ಬಾಗಲಕೋಟೆ ಕಡೆಯವಳು, 42 ವರ್ಷ. ಗೋವಾದ ವೆರ್ಣಾದಲ್ಲಿ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ, ದಿನಾ ನಿಂತು ಮಾಡಬೇಕು. ಒಂದು ವರ್ಷದಿಂದ ರಕ್ತ ಜಾಸ್ತಿ ಹೋಗುತ್ತದೆ. ತಿಂಗಳಿಗೆ ಮೂರು ದಿನ ರಜೆ, ಪಗಾರ ಕಟ್. ಒಂದು ಕಡೆ ಸ್ಕ್ಯಾನ್ ಮಾಡಿ 3 ಸೆಂಟಿಮೀಟರ್ ಗಡ್ಡೆ ಇದೆ, ಗರ್ಭಕೋಶ ತೆಗೆಸಿಬಿಡು, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ ಅಂದರು. ಮುಂದಿನ ವಾರವೇ ಬಾ ಅಂದಿದ್ದಾರೆ. ತೆಗೆಸಲಾ?

ಉತ್ತರ: ಮುಂದಿನ ವಾರ ಬೇಡ ತಂಗಿ. ಮೊದಲು ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸ್ಕ್ಯಾನ್ ರಿಪೋರ್ಟ್ ತೆಗೆದುಕೊಂಡು ಹೋಗಿ.

ಗರ್ಭಕೋಶದ ಈ ಗಡ್ಡೆಗಳಿಗೆ ಫೈಬ್ರಾಯ್ಡ್ ಅನ್ನುತ್ತಾರೆ. ಇವು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಗಡ್ಡೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಒಳಪದರದ ಕಡೆ ಚಾಚಿಕೊಂಡಿದ್ದರೆ ಸಣ್ಣದೂ ಜಾಸ್ತಿ ರಕ್ತ ಹರಿಸುತ್ತದೆ, ಅದನ್ನು ಕೆಳಗಿನಿಂದಲೇ ದುರ್ಬೀನು ಹಾಕಿ ತೆಗೆಯಬಹುದು, ಹೊಟ್ಟೆ ಕೊಯ್ಯಬೇಕಾಗಿಲ್ಲ. ಹೊರಗಡೆ ಇದ್ದರೆ ಎಷ್ಟೋ ಸಲ ಮುಟ್ಟಬೇಕಾಗಿಯೇ ಇರುವುದಿಲ್ಲ. ಮುಟ್ಟು ನಿಂತ ಮೇಲೆ ತಾನೇ ಕುಗ್ಗುತ್ತದೆ. ರಕ್ತ ಕಡಿಮೆ ಮಾಡಲು ಮಾತ್ರೆ ಇದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಇರುವ ಕಾಪರ್-ಟಿ ಥರದ್ದು ಒಂದಿದೆ, ಇಟ್ಟರೆ 5 ವರ್ಷ ಕೆಲಸ ಮಾಡುತ್ತದೆ, ಎಷ್ಟೋ ಜನ ಅದರಿಂದಲೇ ಆಪರೇಷನ್ ತಪ್ಪಿಸಿಕೊಂಡಿದ್ದಾರೆ. 40 ದಾಟಿದವರಲ್ಲಿ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಬೇಕಾಗಬಹುದು. ಅದಕ್ಕೆ ಒಪ್ಪಿಕೊಳ್ಳಿ. ಕ್ಯಾನ್ಸರ್ ಹೆದರಿಕೆಗೆ ಉತ್ತರ ಆ ಪರೀಕ್ಷೆಯಿಂದ ಸಿಗುತ್ತದೆ. ಇದೆಲ್ಲ ಮಾಡಿಯೂ ಸರಿಹೋಗದಿದ್ದರೆ ಗರ್ಭಕೋಶ ತೆಗೆಸುವುದು ಸರಿಯಾದ ದಾರಿಯೇ, ಆಗ ಹಿಂಜರಿಯಬೇಡಿ. ಆದರೆ ಜೊತೆಗೆ ಅಂಡಾಶಯವನ್ನೂ ತೆಗೆಯುತ್ತೇವೆ ಅಂದರೆ ಯಾಕೆ ಅಂತ ಕೇಳಿ. ಈ ವಯಸ್ಸಿಗೆ ಅದನ್ನೂ ತೆಗೆದರೆ ಮುಟ್ಟು ನಿಂತವರ ತೊಂದರೆಗಳೆಲ್ಲ ಒಮ್ಮೆಲೇ ಬರುತ್ತವೆ, ಮೂಳೆ ಸವೆಯುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ ನೀವು ಕೇಳಿರಬಹುದು. ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಗುತ್ತಿಗೆದಾರ ದಂಡ ಹಾಕುತ್ತಾನೆ, ಮುಟ್ಟಿನ ದಿನ ಕೂಲಿ ಹೋಗುತ್ತದೆ, ಹಾಗಾಗಿ 25-30ರ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರಿದ್ದಾರೆ. 2019ರಲ್ಲಿ ಸರ್ಕಾರದ ಸಮಿತಿ ವಿಚಾರಿಸಿದಾಗ 82 ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಆಮೇಲೆ 2023ರಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ನಿಮ್ಮ ಪಗಾರ ಕಟ್ ಆಗುವುದು ನಿಜವಾದ ಕಷ್ಟ, ನಾನು ಸಣ್ಣದು ಅನ್ನುವುದಿಲ್ಲ. ಆದರೆ ಆಪರೇಷನ್ ಆದರೂ ಒಂದು ತಿಂಗಳಿಗಿಂತ ಹೆಚ್ಚು ದಿನ ನಿಂತು ಕೆಲಸ ಮಾಡಲಾಗುವುದಿಲ್ಲ, ಆ ಪಗಾರವನ್ನೂ ಲೆಕ್ಕ ಹಾಕಿ.

ಇನ್ನೊಂದು ಮಾತು. ಡಾಕ್ಟರ್ ಮುಂದೆ ನಮ್ಮ ಭಾಷೆ ಇಲ್ಲದಾಗ ಹೆಂಗಸರು "ಪೇಟ್ ದುಖ್ತಾ ಹೈ" ಅಂತ ಒಂದೇ ಮಾತಿಗೆ ಮುಗಿಸುತ್ತಾರೆ. ಡಾಕ್ಟರ್ ಆಸಿಡಿಟಿ ಮಾತ್ರೆ ಬರೆಯುತ್ತಾರೆ. ಮರಾಠಿಯಲ್ಲಿ ಮುಟ್ಟಿಗೆ ಪಾಳಿ ಅನ್ನುತ್ತಾರೆ, ಕಿಬ್ಬೊಟ್ಟೆಗೆ ಓಟಿಪೋಟ. "ಪಾಳೀತ್ ಓಟಿಪೋಟಾತ್ ದುಖತೇ" ಅಂದರೆ ಮುಟ್ಟಿನಲ್ಲಿ ಕಿಬ್ಬೊಟ್ಟೆ ನೋಯುತ್ತದೆ ಅಂತ. ಗೋವಾದಲ್ಲೂ ಮರಾಠಿ ತಿಳಿಯುವವರು ಬಹಳ ಇದ್ದಾರೆ. ಎಷ್ಟು ಪ್ಯಾಡ್, ಎಷ್ಟು ದಿನ, ಎಷ್ಟು ರಜೆ ಅಂತ ಒಂದು ಚೀಟಿಯಲ್ಲಿ ಅಂಕಿ ಬರೆದುಕೊಂಡು ಹೋಗಿ. ಅಂಕಿಗೆ ಭಾಷೆ ಬೇಕಾಗಿಲ್ಲ.

*

ಪ್ರಶ್ನೆ: ಹಿಂಜೆವಾಡಿಯಲ್ಲಿ ಐಟಿ ಕೆಲಸ, 27 ವರ್ಷ. ಮೊದಲ ದಿನ ಏಳುವುದಕ್ಕೇ ಆಗುವುದಿಲ್ಲ. ಮ್ಯಾನೇಜರ್‌ಗೆ ಪ್ರತಿ ತಿಂಗಳು "ಜ್ವರ" ಅಂತ ಸುಳ್ಳು ಹೇಳುತ್ತೇನೆ. ಕರ್ನಾಟಕದಲ್ಲಿ ಮುಟ್ಟಿನ ರಜೆ ಬಂದಿದೆಯಂತೆ, ನಮಗೂ ಸಿಗುತ್ತದಾ?

ಉತ್ತರ: 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆಗೆ ಒಪ್ಪಿಗೆ ಕೊಟ್ಟಿತು. ಬಿಹಾರದಲ್ಲಿ ಸರ್ಕಾರಿ ನೌಕರಿಯ ಹೆಂಗಸರಿಗೆ 1992ರಿಂದಲೇ ತಿಂಗಳಿಗೆ 2 ದಿನ ಇದೆ. ಕರ್ನಾಟಕದ ನಿಯಮ ಪುಣೆಯಲ್ಲಿ ಕೆಲಸ ಮಾಡುವವರಿಗೆ ತಾನಾಗಿ ಅನ್ವಯಿಸುವುದಿಲ್ಲ. ಕಂಪನಿಯ ಸ್ವಂತ ನಿಯಮ ಏನಿದೆ ಅಂತ ಎಚ್‌ಆರ್‌ನಲ್ಲಿ ಕೇಳಿ. ಡಾಕ್ಟರ್ ಹತ್ತಿರ ಡಿಸ್ಮೆನೋರಿಯಾ (ಮುಟ್ಟಿನ ನೋವು) ಅಂತ ಬರೆಸಿಕೊಂಡು ಬನ್ನಿ, ಮನೆಯಿಂದ ಕೆಲಸ ಮಾಡಲು ಕೇಳಲು ಅನುಕೂಲ. "ಜ್ವರ" ಅಂತ ಹೇಳುವುದರಲ್ಲಿ ಒಂದು ತೊಂದರೆ ಇದೆ, ನೀವೂ ಅದನ್ನು ನಂಬಿಬಿಡುತ್ತೀರಿ, ಚಿಕಿತ್ಸೆಗೆ ಹೋಗುವುದೇ ಇಲ್ಲ. ರಜೆ ಸಿಕ್ಕರೆ ಒಳ್ಳೆಯದು. ಆದರೆ 27ನೇ ವಯಸ್ಸಿಗೆ ಏಳಲಾಗದಷ್ಟು ನೋವಿಗೆ ಕಾರಣ ಹುಡುಕಬೇಕು. ಮೇಲೆ ಡೊಂಬಿವಲಿಯ ತಾಯಿಗೆ ಎಂಡೊಮೆಟ್ರಿಯೋಸಿಸ್ ಬಗ್ಗೆ ಬರೆದಿದ್ದನ್ನು ಓದಿ.

*

ಪ್ರಶ್ನೆ: ಲೋವರ್ ಪರೇಲ್‌ನ ಚಾಳ್‌ನಲ್ಲಿದ್ದೇವೆ. ಕಕ್ಕಸು ಹತ್ತು ಮನೆಗೆ ಒಂದು. ಆ ದಿನಗಳಲ್ಲಿ ಸಾಲಿನಲ್ಲಿ ನಿಲ್ಲಲು ನಾಚಿಕೆ ಅಂತ ನೀರೇ ಕುಡಿಯುವುದಿಲ್ಲ. ಬಟ್ಟೆಯನ್ನು ಮಂಚದ ಕೆಳಗೆ ಒಣಗಿಸುತ್ತೇನೆ. ತುರಿಕೆ ಆಗಿದೆ.

ಉತ್ತರ: ನೀರು ಕುಡಿಯಿರಿ. ಮೂತ್ರ ಕಟ್ಟಿಕೊಂಡರೆ ಉರಿಮೂತ್ರ ಬರುತ್ತದೆ. ಬಟ್ಟೆ ಬಳಸುವುದು ತಪ್ಪಲ್ಲ, ಆದರೆ ಸೋಪು ಹಾಕಿ ತೊಳೆದು ಬಿಸಿಲಲ್ಲೇ ಒಣಗಿಸಬೇಕು. ನಾಚಿಕೆಯಾದರೆ ಮೇಲೆ ತೆಳ್ಳಗಿನ ದುಪಟ್ಟಾ ಹರಡಿ, ಬಿಸಿಲು ಹೋಗುತ್ತದೆ. ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಆ ನಾಲ್ಕು ತಿಂಗಳು ಪ್ಯಾಡ್ ತೆಗೆದುಕೊಳ್ಳಿ. ತುರಿಕೆಗೆ ಹತ್ತಿರದ ಮುನಿಸಿಪಾಲಿಟಿ ದವಾಖಾನೆಗೆ ತೋರಿಸಿ, ಹೆಚ್ಚಾಗಿ ಬೇಗ ಗುಣವಾಗುವಂಥದ್ದು.

*

ಪ್ರಶ್ನೆ: ನನಗೆ 53. ಮುಟ್ಟು ನಿಂತು 14 ತಿಂಗಳಾಗಿತ್ತು. ಹೋದ ವಾರ ಎರಡು ದಿನ ಸ್ವಲ್ಪ ಕಂಡಿತು. ಮತ್ತೆ ಶುರುವಾಯಿತಾ? ಮಾಟುಂಗಾದಿಂದ.

ಉತ್ತರ: ಇಲ್ಲ ಅಕ್ಕಾ. ಒಂದು ವರ್ಷ ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ಅದನ್ನು ಮುಟ್ಟು ಅನ್ನುವುದಿಲ್ಲ, ಪರೀಕ್ಷೆ ಮಾಡಿಸಲೇಬೇಕು. ಹೆಚ್ಚಿನವರಿಗೆ ಸಣ್ಣ ಕಾರಣವೇ ಇರುತ್ತದೆ, ಆದರೆ ಕೆಲವರಿಗೆ ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಗುರುತು ಇದೇ. ಬೇಗ ಸಿಕ್ಕರೆ ಚೆನ್ನಾಗಿ ಗುಣವಾಗುತ್ತದೆ. ಸ್ಕ್ಯಾನ್, ಒಳಪದರದ ಪರೀಕ್ಷೆ ಬೇಕು. ಇದು ಅಚ್ಚಾಗಿ ನಿಮ್ಮ ಕೈಗೆ ಬರುವಷ್ಟರಲ್ಲಿ ಆಗಲೇ ಕೆಲವು ವಾರ ಕಳೆದಿರುತ್ತವೆ. ಇನ್ನೂ ತೋರಿಸಿಲ್ಲದಿದ್ದರೆ ನಾಳೆ ಬೆಳಿಗ್ಗೆ ಸಾಯನ್ ಆಸ್ಪತ್ರೆಯ ಒಪಿಡಿಗೆ ಹೋಗಿ, ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು.